ತಗ್ಗಿನ ಬೆಟ್ಟಗಳಿಗೂ ಅಳತೆ ಬೇಕು

ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದಲ್ಲಿ 2019, 2022 ಮತ್ತು 2025ರಲ್ಲಿ ಅಂತರರಾಷ್ಟ್ರೀಯ ಪರ್ವತ ಸಮ್ಮೇಳನ ನಡೆಯಿತು. ಹಿಮನದಿಗಳನ್ನು ಅಳೆಯುವವರು, ಸಸ್ಯವಿಜ್ಞಾನಿಗಳು, ಜಲತಜ್ಞರು, ಬೆಟ್ಟದೂರುಗಳ ಬದುಕನ್ನು ಅಧ್ಯಯನ ಮಾಡುವವರು ಒಂದೆಡೆ ಸೇರಿ, ಪರ್ವತಗಳಲ್ಲಿ ಹವಾಮಾನ ಹೇಗೆ ಬದಲಾಗುತ್ತಿದೆ ಎಂಬುದನ್ನು ಚರ್ಚಿಸುವ ಸಭೆ ಅದು. ಇನ್ಸ್‌ಬ್ರುಕ್ ಇರುವುದು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ. ನಮ್ಮ ಶಿರಸಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಆದರೆ ಅಲ್ಲಿ ಊರಿನ ಬೆನ್ನಿಗೇ 2300 ಮೀಟರ್ ಎತ್ತರದ ಶಿಖರಸಾಲು ನಿಂತಿದೆ, ಇಲ್ಲಿ ಶಿರಸಿಯೇ ಬಹುಮಟ್ಟಿಗೆ ಘಟ್ಟದ ನೆತ್ತಿ. ಇಂಥ ಸಮ್ಮೇಳನಗಳ ವರದಿಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ಈ ವ್ಯತ್ಯಾಸದ ಕಡೆಗೇ ಹೋಗುತ್ತದೆ.

ಎತ್ತರದ ಪರ್ವತಗಳ ಬಗ್ಗೆ ವಿಜ್ಞಾನಿಗಳು ಬಹಳಷ್ಟನ್ನು ಕಂಡುಕೊಂಡಿದ್ದಾರೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2019ರಲ್ಲಿ ಹೊರತಂದ ವಿಶೇಷ ವರದಿಯ ಪ್ರಕಾರ, ಆಲ್ಪ್ಸ್, ಉತ್ತರ ಅಮೆರಿಕದ ಪಶ್ಚಿಮ ಭಾಗ ಮತ್ತು ಏಷ್ಯಾದ ಎತ್ತರದ ಪರ್ವತಗಳು ದಶಕಕ್ಕೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯಾಗುತ್ತಿದ್ದು, ಜಗತ್ತಿನ ಸರಾಸರಿ ಸುಮಾರು 0.2 ಡಿಗ್ರಿ. ಬಿಳಿಯ ಹಿಮ ಕರಗಿದಲ್ಲಿ ಕಪ್ಪು ಬಂಡೆ ಬಯಲಾಗಿ ಹೆಚ್ಚು ಬಿಸಿಲನ್ನು ಹೀರಿಕೊಳ್ಳುವುದು ಇದಕ್ಕೆ ಒಂದು ಮುಖ್ಯ ಕಾರಣ. ಯುರೋಪಿನ 302 ಶಿಖರಗಳ ಹಳೆಯ ಸಸ್ಯಪಟ್ಟಿಗಳನ್ನು ಹೊಸ ಸಮೀಕ್ಷೆಗಳೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, ತಗ್ಗಿನ ಗಿಡಗಳು ವರ್ಷದಿಂದ ವರ್ಷಕ್ಕೆ ವೇಗವಾಗಿ ಶಿಖರದತ್ತ ಏರುತ್ತಿರುವುದನ್ನು ತೋರಿಸಿತು. ಹಿಂದೆ ಯಾರೋ ಬೆಟ್ಟ ಹತ್ತಿ, ಕಂಡ ಗಿಡಗಳನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟಿದ್ದರಿಂದಲೇ ಈ ಹೋಲಿಕೆ ಸಾಧ್ಯವಾಯಿತು.

ನಮ್ಮ ಘಟ್ಟದಲ್ಲಿ ಹಿಮವೂ ಇಲ್ಲ, ಏರಲು ಎತ್ತರವೂ ಇಲ್ಲ. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6 ಡಿಗ್ರಿಯಷ್ಟು ಇಳಿಯುತ್ತದೆ. ಎಂದರೆ ವಾತಾವರಣ ಒಂದು ಡಿಗ್ರಿ ಬಿಸಿಯಾದಾಗ ಮೊದಲಿನ ತಂಪನ್ನೇ ಬಯಸುವ ಜೀವಿ ನೂರೈವತ್ತು ಮೀಟರಿಗೂ ಹೆಚ್ಚು ಮೇಲೆ ಹೋಗಬೇಕು. ಕುಮಟಾದಿಂದ ಶಿರಸಿಗೆ ಬರುವ ದಾರಿಯ ದೇವಿಮನೆ ಘಟ್ಟ ಹತ್ತಿ ಮುಗಿಸಿದ ಮೇಲೆ ಅಂಥ ಎರಡು ಹೆಜ್ಜೆಗೂ ಜಾಗ ಸಾಲದು. ಪೆರು ದೇಶದ ಪಾಂಟಿಯಾಕೊಯಾ ಎಂಬ ಒಂಟಿ ಬೆಟ್ಟಸಾಲಿನಲ್ಲಿ 1985ರಲ್ಲಿ ಹಕ್ಕಿಗಳನ್ನು ದಾಖಲಿಸಿದ್ದರು. 2017ರಲ್ಲಿ ಅದೇ ಜಾಗಗಳಲ್ಲಿ ಮತ್ತೆ ಹುಡುಕಿದಾಗ, ನೆತ್ತಿಯ ಭಾಗದಲ್ಲಷ್ಟೇ ಇದ್ದ ಕೆಲವು ಜಾತಿಗಳು ಸಿಗಲೇ ಇಲ್ಲ. ಆ ಬೆಟ್ಟದ ಎತ್ತರ ಸುಮಾರು 1400 ಮೀಟರ್, ನಮ್ಮ ಘಟ್ಟದ ನೆತ್ತಿಗಿಂತ ಎರಡು ಪಟ್ಟು.

ಹಾಗಾದರೆ ಇಲ್ಲಿಯ ಜೀವಿಗಳಿಗೆ ಆಸರೆ ಯಾವುದು? ನನ್ನ ಮಟ್ಟಿಗೆ ಇದಕ್ಕೆ ಉತ್ತರ ಕಾನು, ಎಂದರೆ ದಟ್ಟವಾದ ನಿತ್ಯಹಸಿರು ಕಾಡು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯ, ಎಂದರೆ ರಾಮಪತ್ರೆ ಮರಗಳ ಜೌಗುಕಾಡಿನ, ಒಳಗೆ ನಡು ಬೇಸಿಗೆಯಲ್ಲಿ ಹೊಕ್ಕರೂ ಕಾಲಡಿ ಕಪ್ಪು ಕೆಸರು ಜಿಗುಟುತ್ತದೆ. ಮರದ ಬೇರುಗಳು ಉಸಿರಾಟಕ್ಕಾಗಿ ಕೆಸರಿನಿಂದ ಮಂಡಿಯಂತೆ ಮೇಲೆದ್ದು, ಬಾಗಿ, ಮತ್ತೆ ಕೆಸರಿಗೆ ಇಳಿದಿರುತ್ತವೆ. 2000ದಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಒಂದು ಮರದ ಜಾತಿಗೆ ಈ ಕಾನಿನ ಹೆಸರನ್ನೇ ಇಡಲಾಗಿದೆ. ಅಲ್ಲಿಂದ ರಸ್ತೆಗೆ ಬಂದ ಕೂಡಲೇ ಬಿಸಿಲು ಮುಖಕ್ಕೆ ರಾಚುತ್ತದೆ. ಎತ್ತರ ಕೊಡಲಾರದ ತಂಪನ್ನು ಇಲ್ಲಿ ನೆರಳು ಮತ್ತು ಬತ್ತದ ಹಳ್ಳಗಳು ಕೊಡುತ್ತಿವೆ. ಆದ್ದರಿಂದ ಹಳ್ಳದ ದಂಡೆಯ ನಾಲ್ಕು ಮರ ಕಡಿದರೆ ಅಲ್ಲಿನ ಹವಾಮಾನವನ್ನೇ ಬದಲಾಯಿಸಿದಂತೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮಳೆಯ ವಿಷಯ ಇನ್ನೂ ಜಟಿಲವಾದದ್ದು. ಅರಬ್ಬೀ ಸಮುದ್ರದ ಮೇಲಿನ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ತಣ್ಣಗಾಗಿ ಮಳೆ ಸುರಿಸುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಅಂಥ ಗಾಳಿ ಕೆಲವೇ ಗಂಟೆಗಳಲ್ಲಿ ಮಳೆ ಸುರಿದುಹೋದರೆ, ನೆನೆದ ಮಣ್ಣಿನ ಇಳಿಜಾರು ತಡೆದುಕೊಳ್ಳುವುದು ಕಷ್ಟ. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು: ಈ ಹೆಸರುಗಳನ್ನು ಜಿಲ್ಲೆಯಲ್ಲಿ ಯಾರೂ ಮರೆತಿಲ್ಲ. ಗುಡ್ಡ ಕುಸಿಯಲು ಮಳೆಯೊಂದೇ ಕಾರಣವಾಗಿರುವುದಿಲ್ಲ. ಶಿಲೆಯ ಸ್ವಭಾವ, ಬುಡ ಕಡಿದ ರೀತಿ, ನೀರು ಹರಿದುಹೋಗುವ ದಾರಿ ಎಲ್ಲವೂ ಸೇರಿರುತ್ತವೆ. ಆದರೂ ಯಾವ ಇಳಿಜಾರಿನ ಮೇಲೆ ಯಾವ ಗಂಟೆಯಲ್ಲಿ ಎಷ್ಟು ಮಳೆ ಬಿತ್ತು ಎಂಬ ಲೆಕ್ಕವಿಲ್ಲದೆ ಮುನ್ನೆಚ್ಚರಿಕೆ ಕೊಡುವುದಾದರೂ ಹೇಗೆ? ಶಿರಸಿಯಿಂದ ಬನವಾಸಿಗೆ ಹೋಗುವಷ್ಟರಲ್ಲೇ ಮಳೆ ಗಣನೀಯವಾಗಿ ಇಳಿಯುವ ಸೀಮೆಯಲ್ಲಿ, ಒಂದು ಊರಿನ ಮಳೆಮಾಪಕ ಪಕ್ಕದ ಘಟ್ಟದ ಮಾತನ್ನು ಹೇಳಲಾರದು.

ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ನಮ್ಮ ಜಿಲ್ಲೆಯ ಕಾಡಿನಲ್ಲಿ ಮರಗಳನ್ನು ಗುರುತಿಸಿ ಅಳೆಯತೊಡಗಿದ್ದರು. ಶಿರಸಿಯಲ್ಲಿ ಅರಣ್ಯ ಕಾಲೇಜೂ ಇದೆ. ಕುಮಟಾದಿಂದ ಶಿರಸಿಯವರೆಗೆ ಘಟ್ಟದ ಉದ್ದಕ್ಕೂ, ಕಾನಿನ ಒಳಗೂ ಹೊರಗೂ, ಮಳೆ ಮತ್ತು ಉಷ್ಣಾಂಶ ಅಳೆಯುವ ಉಪಕರಣಗಳ ಒಂದು ಸಾಲು ಹಲವು ದಶಕ ನಿಂತರೆ, ಜಗತ್ತಿನ ಪರ್ವತ ವಿಜ್ಞಾನಿಗಳ ಮುಂದೆ ತಗ್ಗಿನ, ಹಿಮವಿಲ್ಲದ, ಮಳೆಯ ಬೆಟ್ಟಗಳ ಪರವಾಗಿ ಮಾತಾಡಲು ನಮ್ಮಲ್ಲಿ ಆಧಾರವಿರುತ್ತದೆ.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಈ ಭಾಗದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ರೂಢಿಯುಂಟು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕೆಂದರೆ ಮಳೆ ಹೊಳವಾಗಬೇಕು, ಎಂದರೆ ಬಿಡುವು ಕೊಡಬೇಕು, ಮರ ಹತ್ತುವ ಕೊನೆಗೌಡನೂ ಸಿಗಬೇಕು; ಹಾಗಾಗಿ ಮಳೆಯ ಮೇಲೆ ಕಣ್ಣಿಟ್ಟೇ ಇರಬೇಕಾಗುತ್ತದೆ. ನಮ್ಮ ಅಜ್ಜನ ಪುಸ್ತಕದಲ್ಲಿ ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರವಾರು ಪುಟಗಳಿವೆ, ಮಳೆ ಇಂಚಿನಲ್ಲಿದೆ, ಅಂಚಿನಲ್ಲಿ ‘ಹೊಳ ಇಲ್ಲ, ಮದ್ದು ನಿಂತಿತು’ ಎಂಬಂಥ ಟಿಪ್ಪಣಿಗಳಿವೆ. ನಕ್ಷತ್ರಗಳನ್ನು ತಾರೀಕಿಗೂ ಇಂಚನ್ನು ಮಿಲಿಮೀಟರಿಗೂ ತಿರುಗಿಸಿ, ಟಿಪ್ಪಣಿಗಳನ್ನು ಇದ್ದ ಹಾಗೆಯೇ ಉಳಿಸಿಕೊಂಡು, ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಗೆದ್ದಲು ತಿಂದ ಪುಟಗಳನ್ನು ಊಹಿಸಿ ತುಂಬದೆ ಖಾಲಿ ಬಿಡುತ್ತಿದ್ದೇನೆ. ಅಕ್ಕಪಕ್ಕದ ಊರುಗಳಲ್ಲಿ ಇಂಥ ಪುಸ್ತಕ ಇಟ್ಟುಕೊಂಡವರು ಹೇಳಿ ಕಳಿಸಿದರೆ, ಮಳೆಗಾಲಕ್ಕೆ ಮೊದಲೇ ನಾನೇ ಬಂದು ಪುಟಗಳ ಫೋಟೊ ತೆಗೆದುಕೊಂಡು, ಪುಸ್ತಕವನ್ನು ಅಲ್ಲಿಯೇ ಬಿಟ್ಟುಬರುತ್ತೇನೆ.