ಪಹಣಿ ಓದುವ ಯಂತ್ರವೂ ಕೈಮಡದ ಅಜ್ಜನೂ

ಸಿರಿವಂತರು ವಿದೇಶಗಳಲ್ಲಿ ಬಚ್ಚಿಟ್ಟ ಸಂಪತ್ತನ್ನು ಬಯಲಿಗೆಳೆದ 2021ರ ಪಂಡೋರಾ ಪೇಪರ್ಸ್ ತನಿಖೆಯಲ್ಲಿ ಪತ್ರಕರ್ತರ ಮುಂದಿದ್ದದ್ದು ಸುಮಾರು 1.19 ಕೋಟಿ ಕಡತಗಳು. ಅಷ್ಟನ್ನು ಮನುಷ್ಯರೇ ಕೂತು ಓದಲಾಗದು, ವಿಂಗಡಣೆಗೆ ಯಂತ್ರಕಲಿಕೆಯ ನೆರವು ಪಡೆದರು. ಮಡಿಕೇರಿಯ ನನ್ನ ಮೇಜಿನ ಮೇಲಿರುವುದು ಅದರ ಮುಂದೆ ಲೆಕ್ಕಕ್ಕೇ ಬಾರದ ಕಾಗದ: ಪಹಣಿಗಳು, ಭೂ ಪರಿವರ್ತನೆ ಆದೇಶಗಳು, ಹಳೆಯ ಕೈಬರಹದ ಕೆಲವು ಪುಟಗಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ, ಯಾವ ಇಳಿಜಾರನ್ನು ಯಾರು ಅಗೆದರು ಎಂಬ ಪ್ರಶ್ನೆ ಇಲ್ಲಿನ ವರದಿಗಾರರನ್ನು ಬಿಟ್ಟಿಲ್ಲ. ರೆಸಾರ್ಟ್‌ಗಳ ಬೆನ್ನು ಹತ್ತಿದ್ದ ನಾನೂ ಕಾಗದಗಳನ್ನು ಕೃತಕ ಬುದ್ಧಿಮತ್ತೆಗೆ ಓದಿಸಿದೆ.

ಸರ್ವೆ ನಂಬರು ಜೋಡಿಸುವುದರಲ್ಲಿ ಅದು ಗಟ್ಟಿಗ. ನನಗೆ ವಾರಗಳೇ ಹಿಡಿಯುತ್ತಿದ್ದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಪಟ್ಟಿಯ ತುದಿಯಲ್ಲಿ ಒಂದೇ ಹೆಸರು, ಅದರ ಕೆಳಗೆ ಸಾಲು ಸಾಲು ಬಾಣೆ (ಗದ್ದೆಗೆ ಹೊಂದಿಕೊಂಡ ಕಾಡು-ಹುಲ್ಲಿನ ಜಮೀನು), ಗದ್ದೆ. ‘ದೊಡ್ಡ ಪ್ರಮಾಣದ ಭೂ ಸಂಗ್ರಹ, ತನಿಖೆಗೆ ಅರ್ಹ’ ಎಂಬ ಷರಾ ಬೇರೆ. ಸುದ್ದಿಮನೆಯಲ್ಲಿ ಯಾರೋ ಆಗಲೇ ಶೀರ್ಷಿಕೆ ಹೊಸೆಯತೊಡಗಿದ್ದರು.

ಊರಿನವರಿಗೆ ಇದರ ಗುಟ್ಟು ಗೊತ್ತು. ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬಂದ ಜಮೀನಿನ ಪಹಣಿಯಲ್ಲಿ ಮುಂದೆ ನಿಲ್ಲುವುದು ಒಕ್ಕದ (ಕೊಡವ ಮನೆತನದ) ಪಟ್ಟೆದಾರನ, ಅಂದರೆ ಹಿರಿಯನ ಹೆಸರು. ಜಮೀನು ಇಡೀ ಕುಟುಂಬದ್ದು. ಪಟ್ಟೆದಾರ ತೀರಿಕೊಂಡು ದಶಕಗಳಾದರೂ ಹೆಸರು ಹಾಗೆಯೇ ಉಳಿದಿರುವುದು ಇಲ್ಲಿ ಮಾಮೂಲು. ಪಟ್ಟಿಯಲ್ಲಿದ್ದ ಆ ಹೆಸರಿನವರ ಐನ್‌ಮನೆಗೆ, ಅಂದರೆ ವಿರಾಜಪೇಟೆ ಕಡೆಯ ಮೂಲಮನೆಗೆ ಹೋಗಿ ವಿಚಾರಿಸಿದಾಗ ಹಿರಿಯರೊಬ್ಬರು ನಕ್ಕರು. “ಅಜ್ಜನನ್ನು ಮಾತಾಡಿಸಬೇಕೇ? ಕೈಮಡದ ಹತ್ತಿರ ಹೋಗಿ, ಅಲ್ಲಿ ದೀಪ ಇಡುತ್ತೇವೆ.” ಕೈಮಡವೆಂದರೆ ಗತಿಸಿದ ಹಿರಿಯರ ಗುಡಿ. ಯಂತ್ರ ಹಿಡಿದುಕೊಟ್ಟ ಭೂಗಳ್ಳ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅಚ್ಚಾಗಿದ್ದರೆ ಮಾನ ಹೋಗುತ್ತಿದ್ದದ್ದು ಬದುಕಿರುವ ಮೊಮ್ಮಕ್ಕಳದು. ಎಲ್ಲಿ ಅಗೆಯಬೇಕೆಂದು ಯಂತ್ರ ಹೇಳಲಿ, ಬೇಡವೆನ್ನುವುದಿಲ್ಲ. ಆರೋಪ ಹೊರಿಸುವ ಕೆಲಸ ಅದರದಲ್ಲ. ಆ ಅಂಗಳಕ್ಕೆ ಹೋಗಿ ಬೈಗುಳ ತಿನ್ನಬೇಕಾದವನು ನಾನು.

ನನಗೆ ಇದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಕಾಗದ ಕೊಟ್ಟವರ ಕ್ಷೇಮ. ಕೊಡಗು ಚಿಕ್ಕ ಜಿಲ್ಲೆ. ಒಂದು ಹೋಬಳಿ, ಒಂದು ದಿನಾಂಕ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಹಾಕಿದ ಒಂದು ಗುರುತು ಸಿಕ್ಕರೆ ಸಾಕು, ಕಚೇರಿಯ ಯಾವ ಮೇಜಿನಿಂದ ಹೊರಬಿತ್ತೆಂದು ಹೇಳಿಬಿಡುತ್ತಾರೆ. ಅಂಥ ಹಾಳೆಯನ್ನು ಉಚಿತವಾಗಿ ಸಿಗುವ ಚಾಟ್‌ಬಾಟ್‌ಗೆ ಏರಿಸಿದರೆ ಅದು ಯಾರ ಸರ್ವರ್‌ನಲ್ಲಿ ಎಷ್ಟು ಕಾಲ ಬಿದ್ದಿರುತ್ತದೋ. ಸಾರ್ವಜನಿಕ ಪಹಣಿಯನ್ನು ಯಂತ್ರಕ್ಕೆ ಕೊಡುತ್ತೇನೆ, ನಂಬಿ ಕೊಟ್ಟ ಕಾಗದವನ್ನು ಕೊಡುವುದಿಲ್ಲ. ಅದನ್ನು ಇಂಟರ್ನೆಟ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು ಕಣ್ಣಿನಿಂದಲೇ ಓದುತ್ತೇನೆ. ನಿಧಾನ, ನಿಜ. ಕನ್ನಡಕದ ನಂಬರೂ ಏರಿದೆ.

ಹೀಗೆ ಗುಟ್ಟಾಗಿ ಬರುವ ಕಾಗದದ ಅಗತ್ಯ ಇನ್ನು ಹೆಚ್ಚುತ್ತದೆಂಬುದು ನನ್ನ ಅಂದಾಜು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅವಕಾಶ ಕೊಡುವ 8(1)(ಜೆ) ಕಲಮನ್ನು ತಿದ್ದಿ, ಅಲ್ಲಿದ್ದ ಸಾರ್ವಜನಿಕ ಹಿತಾಸಕ್ತಿಯ ಮಾತನ್ನು ಕಿತ್ತುಹಾಕಿತು. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ 8(2) ಇನ್ನೂ ಇದೆ ಎನ್ನುತ್ತಾರೆ ವಕೀಲ ಗೆಳೆಯರು. ಇರಬಹುದು. ಆದರೆ ‘ವೈಯಕ್ತಿಕ ಮಾಹಿತಿ’ ಎಂದು ಷರಾ ಬರೆದು ಅರ್ಜಿ ಹಿಂದಿರುಗಿಸುವುದು ಈಗ ಗುಮಾಸ್ತರಿಗೂ ಸಲೀಸು. ಮೇಲ್ಮನವಿ ಹಾಕಿ ಕಾಯುವಷ್ಟರಲ್ಲಿ ಗುಡ್ಡದ ಮೇಲೆ ಇನ್ನೊಂದು ಈಜುಕೊಳ ಎದ್ದಿರುತ್ತದೆ.