ಒಂದೂವರೆ ಅಡಿಗೆ ನಿಂತ ಆಗರ್

ರಾಯಚೂರು ಜಿಲ್ಲೆಯಲ್ಲಿ ಯಾವ ಊರಿನ ಹೊಲಕ್ಕೆ ಯಾವ ವಾರ ಎಷ್ಟು ನೀರು ಬೇಕು ಅಂತ ತೋರಿಸುವ ನಕ್ಷೆ ಮಾಡುವುದು ನನ್ನ ಕೆಲಸ. ಲೆಕ್ಕ ಹೇಳೋಕೆ ಸುಲಭ. ಮಣ್ಣನ್ನು ಒಂದು ಕೊಡ ಅಂದುಕೊಳ್ಳಿ. ಮಳೆ ನೀರು, ಕಾಲುವೆ ನೀರು ಒಳಗೆ ಬರುತ್ತದೆ. ಬೆಳೆ ಕುಡಿಯುತ್ತದೆ, ಬಿಸಿಲಿಗೆ ಸ್ವಲ್ಪ ಆರುತ್ತದೆ. ಕೊಡ ತುಂಬಿದ ಮೇಲೆ ಬಂದದ್ದು ಹರಿದೋ ಇಂಗಿಯೋ ಹೋಗುತ್ತದೆ. ದಿನಾ ಇದನ್ನು ಕೂಡಿ ಕಳೆದರೆ ಕೊಡ ಯಾವತ್ತು ಬರಿದಾಗುತ್ತದೆ ಅಂತ ಗೊತ್ತಾಗುತ್ತದೆ.

ಬೆಳೆ ದಿನಕ್ಕೆ ಎಷ್ಟು ಕುಡಿಯುತ್ತದೆ ಅನ್ನೋದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಹೊರತಂದ ವಿಧಾನ ಇದೆ. ಬಿಸಿಲು, ಗಾಳಿ, ತಾಪಮಾನ, ತೇವಾಂಶ ಕೊಟ್ಟರೆ ಉತ್ತರ ಬರುತ್ತದೆ. ಹೊಲದಲ್ಲಿ ಏನಿದೆ ಅಂತ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ 10 ಮೀಟರ್ ಚೌಕಕ್ಕೊಂದರಂತೆ ನೋಡಬಹುದು. ಎಲ್ಲವನ್ನೂ ಕುರ್ಚಿ ಬಿಟ್ಟು ಏಳದೆ ಮಾಡಬಹುದು. ಮೊದಲ ನಕ್ಷೆಯನ್ನು ನಾನೂ ಹಾಗೇ ಮಾಡಿದ್ದೆ. ಕೊಡ ಎಷ್ಟು ದೊಡ್ಡದು ಅನ್ನೋದನ್ನು ಮಾತ್ರ ನೆಲಕ್ಕೆ ಹೋಗಿ ನೋಡಿರಲಿಲ್ಲ.

ಕೈಯಲ್ಲಿದ್ದ ಮಣ್ಣಿನ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಎರಡೂವರೆ ಕಿಲೋಮೀಟರ್. ಸಿರವಾರದ ಸುತ್ತ ಅದರಲ್ಲಿ ಒಂದೇ ಬಣ್ಣ: ಎರೆ, ಅಂದರೆ ಜಿಗುಟಾದ ಕಪ್ಪು ಮಣ್ಣು. ನಾನು ಅದಕ್ಕೆಲ್ಲ ಒಂದು ಮೀಟರ್ ಆಳ ಇಟ್ಟೆ. ಮೀಟರ್ ಮಣ್ಣಿನಲ್ಲಿ ಬೆಳೆಗೆ ಸಿಗುವ ನೀರು 180 ಮಿ.ಮೀ. ಅಂತ ಹಾಕಿದೆ. ಒಳ್ಳೆ ಎರೆಗೆ ಅದು ತಪ್ಪು ಅಂಕಿಯೇನಲ್ಲ. ಹಿಂಗಾರಿ ಜೋಳಕ್ಕೆ ‘ಒಂದು ನೀರು ಸಾಕು’, ಅಂದರೆ ಒಮ್ಮೆ ನೀರು ಹಾಯಿಸಿದರೆ ಸಾಕು ಅಂತ ಉತ್ತರ ಬಂತು. ನಕ್ಷೆಯಲ್ಲಿ ಆ ಭಾಗ ಹಸಿರಾಯಿತು.

ಆ ಊರುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದವು. ಕಾಲುವೆಯ ಉದ್ದ 227 ಕಿ.ಮೀ. ಮೇಲ್ಭಾಗದಲ್ಲಿ, ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ, ಭತ್ತ. ಒಂದು ಬೆಳೆಗೇ 1,000 ಮಿ.ಮೀ.ಗಿಂತ ಜಾಸ್ತಿ ನೀರು ಕೇಳುವ ಬೆಳೆ. ಉಳಿದದ್ದು ಕೆಳಗೆ ಬರಬೇಕು. ಇಂಥ ಕಡೆ ‘ಒಂದು ನೀರು ಸಾಕು’ ಅಂತ ನಕ್ಷೆ ಹೇಳಿದರೆ, ಅಲ್ಲಿನ ರೈತರ ಬೇಡಿಕೆಯನ್ನು ನಾನೇ ಕಾಗದದ ಮೇಲೆ ಅಳಿಸಿದ ಹಾಗೆ ಅಲ್ವಾ? ಆಗ ನನಗೆ ಅದು ಹೊಳೆದಿರಲಿಲ್ಲ.

ಹಸ್ತ ಮಳೆ ಮುಗಿದ ಮೇಲೆ ಮಣ್ಣಿನ ಮಾದರಿ ತರೋಕೆ ಹೋದೆವು. ಮಾದರಿ ತೂಗಿ, 105 ಡಿಗ್ರಿ ಶಾಖದಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ಆಗರ್ ಅಂದರೆ ನೆಲ ಕೊರೆದು ಮಣ್ಣು ತೆಗೆಯುವ ಕೈ ಉಪಕರಣ. ಅದನ್ನು ತಿರುಗಿಸುತ್ತಾ ಇಳಿಸಿದೆ. ಮೇಲಿನ ಮಣ್ಣು ಕರಿ ಬೆಣ್ಣೆ ಹಾಗೆ ಅಂಟಿಕೊಂಡು ಬಂತು. ಒಂದೂವರೆ ಅಡಿಗೆ ಕರ್ ಅಂತ ಸದ್ದಾಗಿ ನಿಂತಿತು. ಕಲ್ಲು ಸಿಕ್ಕಿರಬೇಕು ಅಂತ ಹತ್ತು ಹೆಜ್ಜೆ ಆಚೆ ಹೋಗಿ ಮತ್ತೆ ಇಳಿಸಿದೆ. ಅಲ್ಲೂ ಅಷ್ಟೇ. ಆಗರ್ ತುದಿಯಲ್ಲಿ ಸುಣ್ಣದ ಹರಳು ಬೆರೆತ ಬಿಳಿ ಗರಸು ಇತ್ತು.

ಹೊಲದ ಅಜ್ಜ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ತಮ್ಮಾ, ಎಲ್ಲಿ ಇಳಿಸಿದ್ರೂ ಅಷ್ಟ. ಕೆಳಗ ಗರಸು ಐತಿ. ನಮ್ಮ ಹೊಲದಾಗ ಹಸಿ ನಿಲ್ಲಂಗಿಲ್ಲ. ಹಳ್ಳದ ದಂಡಿ ಹೊಲ ನೋಡು, ಅಲ್ಲಿ ಸಂಕ್ರಾಂತಿ ತನಕ ಹಸಿ ಇರತೈತಿ" ಅಂದರು. ಎರಡೂ ಹೊಲ ನನ್ನ ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿದ್ದವು.

ಬದುವಿನ ಮೇಲೇ ಕೂತು ಲೆಕ್ಕ ಮತ್ತೆ ಹಾಕಿದೆ. ಒಂದೂವರೆ ಅಡಿ ಅಂದರೆ 45 ಸೆಂಟಿಮೀಟರ್. 180ರ ಜಾಗದಲ್ಲಿ 81 ಮಿ.ಮೀ. ಜೋಳ ಬಾಡದೆ ಬಳಸಿಕೊಳ್ಳುವುದು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 45 ಮಿ.ಮೀ. ತೆನೆ ಬರುವ ಹೊತ್ತಿಗೆ ದಿನಕ್ಕೆ 4 ಮಿ.ಮೀ. ಕುಡಿದರೆ ಹನ್ನೊಂದು ದಿನ. ಹಳ್ಳದ ದಂಡೆಯಲ್ಲಿ ಅದೇ ಜೋಳ ಇಪ್ಪತ್ತೈದು ದಿನ ತಡೆಯುತ್ತದೆ. ಅಜ್ಜನ ಹೊಲಕ್ಕೆ ಬೇಕಾದದ್ದು ಒಂದು ನೀರಲ್ಲ, ಮೂರು. ಒಂದೊಂದು ನೀರಿಗೂ ಎಕರೆಗೆ ಸುಮಾರು ಎರಡು ಲಕ್ಷ ಲೀಟರ್. ಇನ್ನೊಂದು ಮಾತು, ಒಮ್ಮೆಗೇ ಜಾಸ್ತಿ ಬಿಟ್ಟರೂ ಅಲ್ಲಿ ಪ್ರಯೋಜನ ಇಲ್ಲ. ಚಿಕ್ಕ ಕೊಡ, ಮಿಕ್ಕದ್ದು ಗರಸಿನೊಳಗೆ ಇಳಿದು ಹೋಗುತ್ತದೆ. ಹನ್ನೊಂದು ದಿನಕ್ಕೆ ಬಾಡುವ ಬೆಳೆಗೆ ಹದಿನೈದು ದಿನಕ್ಕೊಮ್ಮೆ ಕಾಲುವೆ ನೀರಿನ ಸರದಿ ಬಂದರೆ ರೈತ ಏನು ಮಾಡಬೇಕು?

ಆ ದಿನ ಇನ್ನೊಂದು ತಪ್ಪೂ ಸಿಕ್ಕಿತು. ಮಳೆಯಲ್ಲಿ ಎಷ್ಟು ಇಂಗದೆ ಹರಿದು ಹೋಗುತ್ತದೆ ಅಂತ ಮಣ್ಣಿನ ಗುಂಪು ನೋಡಿ ಹೇಳೋಕೆ ನಾವು ಬಳಸುವ ‘ಕರ್ವ್ ನಂಬರ್’ ಪಟ್ಟಿ ಅಮೆರಿಕದಲ್ಲಿ ತಯಾರಾದದ್ದು. ಜಿಗುಟು ಮಣ್ಣನ್ನು ಅದು ನೀರು ಇಂಗದ ಗುಂಪಿಗೆ ಹಾಕುತ್ತದೆ. ಮೇ ತಿಂಗಳಲ್ಲಿ ನಮ್ಮ ಎರೆಯ ಬಿರುಕಿನೊಳಗೆ ಅಂಗೈ ಹೋಗುತ್ತದೆ. ಮೊದಲ ಮಳೆ ಎಲ್ಲಿ ಹರಿಯುತ್ತದೆ? ನೇರ ಬಿರುಕಿಗೇ. ಬಿರುಕು ಮುಚ್ಚುವ ತನಕ ಈಗ ಬೇರೆ ಅಂಕಿ ಇಡುತ್ತೇನೆ.

ಅಲ್ಲಿಂದ ಬಂದ ಮೇಲೆ ನಾನು ಊರಿಗೆ ಹೋದರೆ ಮೊದಲು ಕೇಳುವುದು ಬಾವಿ ಎಲ್ಲಿದೆ ಅಂತ. ತೆರೆದ ಬಾವಿಯ ಗೋಡೆ, ಹೊಸದಾಗಿ ತೋಡಿದ ಬಸಿಗಾಲುವೆ, ಮನೆಯ ಪಾಯ, ಕೃಷಿ ಹೊಂಡದ ಬದಿ. ಎರೆ ಎಲ್ಲಿ ಮುಗಿದು ಗರಸು ಎಲ್ಲಿ ಶುರು ಅಂತ ಅಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಪಕ್ಕಕ್ಕೆ ಟೇಪ್ ಹಿಡಿದು ಫೋಟೋ ತೆಗೆದು, ಜಾಗ ಗುರುತು ಹಾಕಿಕೊಂಡರೆ ಆಯಿತು. ಆಗರ್ ತಿರುಗಿಸಿ ಕೈ ಬೊಬ್ಬೆ ಬರುವುದೂ ತಪ್ಪುತ್ತದೆ. ಗೆರೆ ಸಿಗದ ಕಡೆ ಮಾತ್ರ ಆಗರ್.

ಮಿಲಿಮೀಟರ್ ಕೂಡ ನಕ್ಷೆಯ ಮೇಲಿಂದ ತೆಗೆದೆ. ಈಗ ಇರುವುದು ‘ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ’. ಹೊಲದಲ್ಲಿ ಮಾತಾಡುವುದು ಅದನ್ನೇ.

ತಿದ್ದಿದ ನಕ್ಷೆ ಮುದ್ರಿಸಿಕೊಂಡು ಅಜ್ಜನ ಊರಿಗೆ ಮತ್ತೆ ಹೋಗಿದ್ದೆ. ಅವರ ಹೊಲ ಈಗ ಕೇಸರಿ ಬಣ್ಣದಲ್ಲಿದೆ, ಮೂರು ನೀರು. ಅವರು ಹಾಳೆಯನ್ನು ಕಟ್ಟೆಯ ಮೇಲೆ ಹಾಸಿ, ಕಾಲುವೆ ಎಲ್ಲಿ, ಊರು ಎಲ್ಲಿ ಅಂತ ಕೇಳಿಕೊಂಡು, ಬೆರಳು ಸರಿಸುತ್ತಾ ಹೋದರು. ಊರ ಹಿಂದಿನ ಒಂದು ತುಂಡಿನ ಮೇಲೆ ಬೆರಳು ನಿಂತಿತು. "ಇದನ್ನೂ ನಮ್ಮ ಬಣ್ಣದಾಗ ಹಾಕೀಯಲ್ಲ ತಮ್ಮಾ. ಇಲ್ಲಿ ಆಳುದ್ದ ಎರಿ ಐತಿ. ನಾನೇ ಬಾವಿ ತೋಡಾಕ ಹೋಗಿದ್ದೆ." ಪೆನ್ಸಿಲ್‌ನಿಂದ ಅಲ್ಲಿ ಒಂದು ಸುತ್ತು ಹಾಕಿಕೊಂಡು ಬಂದಿದ್ದೇನೆ. ಬರುವ ಸೋಮವಾರ ಆಗರ್ ಅಲ್ಲಿಗೆ.