ಹುವಾ ಹಿನ್‌ಗೆ ಹೊರಡುವ ಮೊದಲು

ನಮ್ಮ ಮದುವೆಯ ಲಗ್ನಪತ್ರಿಕೆ 37 ವರ್ಷ ಆದಮೇಲೆ ಮತ್ತೆ ಕೆಲಸಕ್ಕೆ ಬಂತು. ಅಮ್ಮನ ಟ್ರಂಕಿನಲ್ಲಿ, ಹಳೆಯ ಪಂಚಾಂಗವೊಂದರ ಒಳಗೆ ಸಿಕ್ಕಿತು. ನಾಲ್ಕು ಮೂಲೆಗೆ ಹಚ್ಚಿದ್ದ ಅರಿಶಿನ ಕಂದು ಬಣ್ಣಕ್ಕೆ ತಿರುಗಿತ್ತು. ಮಡಿಕೆ ಬಿಡಿಸಿದರೆ ಎಲ್ಲಿ ಹರಿದುಹೋಗುತ್ತೋ ಅಂತ ಅಕ್ಕ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದಳು.

ಅದು ಬೇಕಾಗಿದ್ದು ಥಾಯ್ಲೆಂಡಿಗೆ ಹೋಗಿ ಇರಲು. ಬ್ಯಾಂಕಾಕ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಹುವಾ ಹಿನ್ ಅಂತ ಒಂದು ಸಮುದ್ರತೀರದ ಊರಿದೆ. ನಮ್ಮ ಯಜಮಾನರಿಗೆ ಬೆಂಗಳೂರಿನ ಡಿಸೆಂಬರ್ ಚಳಿಯೂ ಧೂಳೂ ಆಗುವುದಿಲ್ಲ, ಉಬ್ಬಸ. ಅಲ್ಲಿ ಮರಳು ಸಪಾಟಾಗಿದೆ, ಮಂಡಿನೋವಿನವರೂ ನಡೆಯಬಹುದು. ಇಲ್ಲಿಂದ ಬ್ಯಾಂಕಾಕ್‌ಗೆ ವಿಮಾನದಲ್ಲಿ ನಾಲ್ಕು ಗಂಟೆಯ ಒಳಗೆ ಮುಟ್ಟುತ್ತೇವೆ. 50 ದಾಟಿದವರಿಗೆ ನಿವೃತ್ತಿ ವೀಸಾ ಕೊಡುತ್ತಾರೆ. ಇವರ ಹೆಸರಿನಲ್ಲಿ ವೀಸಾ ಮಾಡಿಸಿ, ನಾನು ಹೆಂಡತಿ ಅಂತ ಜೊತೆಗೆ ಹೋಗುವುದು ಎಂದು ಲೆಕ್ಕ ಹಾಕಿದೆವು. ಹೆಂಡತಿ ಎಂದ ಮೇಲೆ ಮದುವೆ ಸರ್ಟಿಫಿಕೇಟ್ ತೋರಿಸಬೇಕು ಅಲ್ವಾ? 1986ರಲ್ಲಿ ಛತ್ರದಲ್ಲಿ ಮದುವೆಯಾದ ನಮ್ಮಂಥವರಲ್ಲಿ ಅದನ್ನು ಮಾಡಿಸಿದವರು ಎಷ್ಟು ಜನ?

ಹಾಗಾಗಿ 2024ರ ಜನವರಿಯಲ್ಲಿ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತೆವು. ಲಗ್ನಪತ್ರಿಕೆ, ಧಾರೆಯ ಫೋಟೋ, ವಯಸ್ಸಿನ ದಾಖಲೆ, ಮೂವರು ಸಾಕ್ಷಿಗಳು. ಅಕ್ಕ, ನನ್ನ ಮೈದುನ ಮತ್ತು 84 ವರ್ಷದ ಸೋದರಮಾವ ಬಂದಿದ್ದರು. ಮದುವೆ ದಿನ ನನ್ನನ್ನು ಮಂಟಪಕ್ಕೆ ಕರೆದುಕೊಂಡು ಬಂದವರೇ ಆ ಮಾವ. ಸಹಿ ಹಾಕುವಾಗ ಅವರ ಕೈ ನಡುಗುತ್ತಿತ್ತು. ಅಕ್ಕ ರಿಜಿಸ್ಟರ್ ಜಾರದ ಹಾಗೆ ಒತ್ತಿ ಹಿಡಿದಿದ್ದಳು.

"ಅಮ್ಮಾ, ಇಷ್ಟು ವರ್ಷ ಯಾಕೆ ಮಾಡಿಸಲಿಲ್ಲ?" ಎಂದು ಅಲ್ಲಿನ ಹುಡುಗ ಕೇಳಿದ.

"ಯಾರೂ ಕೇಳಿರಲಿಲ್ಲಪ್ಪ" ಎಂದೆ.

ಇನ್ನೊಂದು ತೊಡಕಿತ್ತು. ಮನೆ ತುಂಬಿಸಿಕೊಳ್ಳುವಾಗ ನಮ್ಮ ಅತ್ತೆಯವರು ನನ್ನ ಹೆಸರು ಬದಲಿಸಿದ್ದರು. ಲಗ್ನಪತ್ರಿಕೆಯಲ್ಲಿ ತವರಿನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆಯ ಹೆಸರು. ಇಬ್ಬರೂ ಒಬ್ಬಳೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಬೇಕಾಯಿತು. ಆಮೇಲೆ ವಿದೇಶಾಂಗ ಇಲಾಖೆಯ ಮುದ್ರೆ, ಥಾಯ್ ಭಾಷೆಗೆ ಅನುವಾದ. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯಿತು. ಹೊರಗೆ ಹೋಗಿ ಇರುವ ಯೋಚನೆ ಇದ್ದರೆ ಟಿಕೆಟ್‌ಗೂ ಮೊದಲು ಈ ಕೆಲಸಕ್ಕೆ ಕೈ ಹಾಕಿ. ಅಲ್ಲಿ ಹೋಗಿ ಕೂತುಕೊಂಡು ಬೆಂಗಳೂರಿನ ಕಾಗದ ಮಾಡಿಸಲು ಆಗುವುದಿಲ್ಲ.

ಈಗ ದುಡ್ಡಿನ ವಿಷಯ. ನಾನು ಬ್ಯಾಂಕಿನಲ್ಲಿ 33 ವರ್ಷ ದುಡಿದವಳು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೀಸಾಕ್ಕೆ ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ (ಥಾಯ್ಲೆಂಡಿನ ಹಣ) ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ನಾವು ಠೇವಣಿ ಆರಿಸಿಕೊಂಡೆವು. ಆಗಿನ ದರದಲ್ಲಿ 18-19 ಲಕ್ಷ ರೂಪಾಯಿ. ಅರ್ಜಿ ಹಾಕುವ ಮೊದಲು ಎರಡು ತಿಂಗಳು, ಒಪ್ಪಿಗೆ ಸಿಕ್ಕಮೇಲೆ ಮೂರು ತಿಂಗಳು ಅದನ್ನು ಮುಟ್ಟುವಂತಿಲ್ಲ. ಉಳಿದ ತಿಂಗಳಲ್ಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಅಂದರೆ ಆ ಹಣ ನಿಮ್ಮದೇ ಆದರೂ ಖರ್ಚಿಗೆ ಸಿಗುವುದಿಲ್ಲ. ಮನೆ ಬಾಡಿಗೆ, ಔಷಧಿ, ಊಟ ಎಲ್ಲಕ್ಕೂ ಬೇರೆ ದುಡ್ಡು ಬೇಕು. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ.

ಇಲ್ಲಿಂದ ಕಳಿಸುವಾಗ ಆಗ ಒಬ್ಬರಿಗೆ ವರ್ಷಕ್ಕೆ 7 ಲಕ್ಷದವರೆಗೆ ತೆರಿಗೆ ಹಿಡಿಯುತ್ತಿರಲಿಲ್ಲ. ಅದಕ್ಕಿಂತ ಮೇಲಿದ್ದರೆ 20% ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿದುಕೊಳ್ಳುವ ತೆರಿಗೆ. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷ ಆಗಿದೆ. ನಾವು ಇಬ್ಬರ ಹೆಸರಿನಿಂದ ಬೇರೆ ಬೇರೆ ಕಳಿಸಿದೆವು. ಮಿಕ್ಕಿದ್ದಕ್ಕೆ ಹಿಡಿದ ಹಣ ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬಂತು. ಕಳೆದುಹೋಗುವ ದುಡ್ಡಲ್ಲ, ಆದರೆ ಕೆಲವು ತಿಂಗಳು ಕೈಯಲ್ಲಿ ಇರುವುದಿಲ್ಲ. ಹೋಗಿ ನೆಲೆಯಾದ ಮೇಲೆ ಇಲ್ಲಿನ ಸೇವಿಂಗ್ಸ್ ಖಾತೆಯನ್ನು ಹೊರದೇಶದಲ್ಲಿ ಇರುವವರ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. "ಯಾರು ಕೇಳ್ತಾರೆ ಬಿಡಿ" ಅನ್ನುವವರನ್ನು ಕೌಂಟರಿನಲ್ಲಿ ಕೂತು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಬಿಡಬೇಡಿ.

ಅಲ್ಲಿಗೆ ಹೋದಮೇಲೆ 90 ದಿನಕ್ಕೊಮ್ಮೆ ಇಮಿಗ್ರೇಷನ್‌ನವರಿಗೆ ವಿಳಾಸ ತಿಳಿಸಬೇಕು. 15 ದಿನ ಮುಂಚೆ ಮಾಡಬಹುದು, ಏಳು ದಿನ ತಡವಾದರೂ ನಡೆಯುತ್ತದೆ. ಅದೂ ದಾಟಿದರೆ 2,000 ಬಾತ್ ದಂಡ. ಸರ್ಕಾರಿ ಕಾಗದದಲ್ಲೆಲ್ಲ ಬೌದ್ಧ ಶಕೆ. 2024 ಅಂದರೆ 2567. ನಮ್ಮ ವರ್ಷಕ್ಕೆ 543 ಕೂಡಿಸಿಕೊಳ್ಳುವುದು ಅಭ್ಯಾಸವಾಗಲು ತಿಂಗಳು ಬೇಕಾಯಿತು. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲೇ ಆ ದಿನಗಳಿಗೂ ಕೆಂಪು ಗುರುತು ಹಾಕಿಟ್ಟಿದ್ದೇನೆ.

ಇಷ್ಟು ಜೋಪಾನ ಮಾಡಿಯೂ ನಾನೊಂದು ತಪ್ಪು ಮಾಡಿದೆ. ಹೋದ ವರ್ಷ ಸೋದರಮಾವನಿಗೆ ಜಾಸ್ತಿ ಆಗಿದೆ ಎಂದು ರಾತ್ರಿ ಅಕ್ಕ ಫೋನ್ ಮಾಡಿದಳು. ಬೆಳಿಗ್ಗೆಯೇ ಕಾರು ಹಿಡಿದು ಬ್ಯಾಂಕಾಕ್‌ಗೆ ಹೋಗಿ ವಿಮಾನ ಹತ್ತಿದೆ. ದೇಶ ಬಿಡುವ ಮೊದಲು ರೀ-ಎಂಟ್ರಿ ಪರ್ಮಿಟ್ ತಗೋಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿ ಬರಲು 3,800. ವಿಮಾನ ನಿಲ್ದಾಣದಲ್ಲೇ ಕೊಡುತ್ತಾರೆ. ನನಗೆ ಆ ಹೊತ್ತಿನಲ್ಲಿ ನೆನಪೇ ಆಗಲಿಲ್ಲ. ಪರ್ಮಿಟ್ ಇಲ್ಲದೆ ಹೊರಬಿದ್ದರೆ ಅಲ್ಲಿರುವ ಅನುಮತಿ ಅವತ್ತಿಗೇ ರದ್ದು. ಮಾವನ ಮುಖ ನೋಡಲು ಸಿಕ್ಕಿತು, ಮಾತೂ ಆಡಿದರು. ಅವರ ಕಾರ್ಯ ಮುಗಿಸಿ ನಾನು ಮತ್ತೆ ಮೊದಲಿನಿಂದ ವೀಸಾ ಮಾಡಿಸಬೇಕಾಯಿತು. ಅಷ್ಟು ದಿನ ಇವರು ಅಲ್ಲಿ ಒಬ್ಬರೇ. ಈಗ 3,800ರದ್ದನ್ನೇ ವರ್ಷದ ಮೊದಲ ದಿನ ಮಾಡಿಸಿಬಿಡುತ್ತೇವೆ. ನಮ್ಮ ವಯಸ್ಸಿನಲ್ಲಿ ಫೋನ್ ಯಾವಾಗ ಬರುತ್ತದೋ ಹೇಳಲಾಗದು.

ಆ ತಿಂಗಳು ಬೆಂಗಳೂರಿನಲ್ಲಿ ಒಬ್ಬಳೇ ಕೂತಿದ್ದಾಗ ಇನ್ನೊಂದು ಹೊಳೆಯಿತು. ಠೇವಣಿ ಇವರೊಬ್ಬರ ಹೆಸರಿನಲ್ಲಿದೆ. ನನ್ನ ಅನುಮತಿ ಇವರ ಅನುಮತಿಯ ಮೇಲೆ ನಿಂತಿದೆ. ನಾಳೆ ಇವರಿಗೆ ಏನಾದರೂ ಆದರೆ ಆ ದುಡ್ಡೂ ನನ್ನ ಕೈಗೆ ಸುಲಭಕ್ಕೆ ಬರುವುದಿಲ್ಲ, ಆ ಊರಿನಲ್ಲಿ ನಿಲ್ಲಲೂ ಆಗುವುದಿಲ್ಲ. ನನಗೂ ಪೆನ್ಷನ್ ಇದೆ, ಗ್ರಾಚ್ಯುಟಿ ದುಡ್ಡಿದೆ. ಹಾಗಾಗಿ ಹೊಸ ವೀಸಾ ನನ್ನದೇ ಹೆಸರಿನಲ್ಲಿ, ನನ್ನದೇ ಠೇವಣಿಯ ಮೇಲೆ ಮಾಡಿಸಿದೆ. "ಇಬ್ಬರದ್ದೂ ಯಾಕೆ, ಸುಮ್ನೆ ದುಡ್ಡು ಕಟ್ಟಿಹಾಕೋದು" ಎಂದು ಇವರು ಮೊದಲು ಗೊಣಗಿದರು. ಆಮೇಲೆ ಒಪ್ಪಿದರು. ಕೈಯಲ್ಲಿ ಅಷ್ಟು ಹಣ ಇರುವ ಹೆಣ್ಣುಮಕ್ಕಳು ಹೀಗೇ ಮಾಡಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಊಟದ ಬಗ್ಗೆ ನನಗೆ ತುಂಬಾ ಭಯ ಇತ್ತು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಆದರೆ 'ಜೇ' ಎಂಬ ಒಂದು ಪದ ಇದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಜೇ ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ! ನಮ್ಮ ಮಡಿ ಅಡುಗೆಯ ಹಾಗೇ ಅಲ್ವಾ? ಅದನ್ನು ಕೇಳಿದ ದಿನ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಆ ಅಕ್ಷರವನ್ನು ಚೀಟಿಯ ಮೇಲೆ ಬರೆಸಿಕೊಂಡು ಪರ್ಸಿನಲ್ಲಿ ಇಟ್ಟುಕೊಂಡೆ.

ಮನೆಯಲ್ಲಿ ಅಡುಗೆ ಕಷ್ಟವಿಲ್ಲ. ಅಲಸಂದೆ, ಹೀರೆಕಾಯಿ, ನುಗ್ಗೆ ಎಲ್ಲ ಸಿಗುತ್ತದೆ. ಸಂತೆಯಲ್ಲಿ ಒಬ್ಬಾಕೆ ಮಷೀನಿನಲ್ಲಿ ತೆಂಗಿನಕಾಯಿ ತುರಿದು ಕೊಡುತ್ತಾಳೆ. ಎಲ್ಲರೂ ಹಾಲು ಹಿಂಡಿಸಿಕೊಂಡು ಹೋಗುತ್ತಾರೆ, ನಾನೊಬ್ಬಳು ಬರೀ ತುರಿ ಕೇಳುತ್ತೇನೆ. ಈಗ ನನ್ನನ್ನು ಕಂಡ ಕೂಡಲೇ ಅರ್ಧ ಕಿಲೋ ತುರಿ ತೂಗಿ ಇಡುತ್ತಾಳೆ. ಕರಿಬೇವು ಮಾತ್ರ ಸಿಗುವುದು ಕಷ್ಟ, ಅದಿಲ್ಲದ ಒಗ್ಗರಣೆಗೆ ನನ್ನ ನಾಲಿಗೆ ಇನ್ನೂ ಒಗ್ಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗ್ಯಾಸ್ ಸಿಲಿಂಡರ್ ಬಿಡುವುದಿಲ್ಲ, ಇಂಡಕ್ಷನ್ ಒಲೆಗೆ ಹೊಂದುವ ಕುಕ್ಕರ್ ಇಲ್ಲಿಂದಲೇ ಒಯ್ದೆ.

ಸಮುದ್ರದ ಗಾಳಿಯ ಬಗ್ಗೆ ಯಾರೂ ಹೇಳಿರಲಿಲ್ಲ. ನಮ್ಮದು 900 ಮೀಟರ್ ಎತ್ತರದ ಒಣ ಊರು. ಅಲ್ಲಿ ಹಪ್ಪಳ ಎರಡೇ ದಿನಕ್ಕೆ ಮೆತ್ತಗಾಗುತ್ತದೆ, ಕಾಫಿ ಪುಡಿ ಗಟ್ಟಿಯಾಗುತ್ತದೆ. ಮೊದಲ ಮಳೆಗಾಲ ಕಳೆದು ಬೀರು ತೆಗೆದರೆ ನನ್ನ ಮೈಸೂರು ಸಿಲ್ಕ್ ಸೀರೆಯ ಮಡಿಕೆಯಲ್ಲೆಲ್ಲ ಬಿಳಿ ಬೂಷ್ಟು. ಜರಿ ಕಪ್ಪಾಗಿತ್ತು. ನನ್ನ ಮೊದಲ ಸಂಬಳದ ಸೀರೆ ಅದು. ಅಲ್ಲಿಗೆ ಹತ್ತಿಬಟ್ಟೆ ಸಾಕು. ರೇಷ್ಮೆ, ಪುಸ್ತಕ, ಚರ್ಮದ ಚಪ್ಪಲಿ ಬೆಂಗಳೂರಿನಲ್ಲೇ ಇರಲಿ.

ಪ್ರತಿ ನವೆಂಬರ್‌ಗೆ ಇಲ್ಲಿ ಬರುತ್ತೇವೆ. ಆಗ ಅಲ್ಲಿ ಮಳೆ. ಇಲ್ಲಿ ಪೆನ್ಷನ್‌ಗೆ ಜೀವನ ಪ್ರಮಾಣಪತ್ರ ಕೊಡುವ ತಿಂಗಳು, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಫೋನಿನ ಇಲ್ಲಿನ ಸಿಮ್‌ಗೂ ಆಗಲೇ ವರ್ಷದ ರೀಚಾರ್ಜ್ ಮಾಡಿಸುತ್ತೇನೆ. ಒಮ್ಮೆ ಅದು ನಿಂತುಹೋಗಿ, ಓಟಿಪಿ ಬಾರದೆ, ನಮ್ಮದೇ ಖಾತೆಯ ಬಾಗಿಲಲ್ಲಿ ಹತ್ತು ದಿನ ನಿಂತ ಹಾಗಾಗಿತ್ತು.

ಈ ಸಲ ಎಲ್ಲ ಕಾಗದದ ಇನ್ನೊಂದು ಫೈಲ್ ಮಾಡಿ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ. ಲಗ್ನಪತ್ರಿಕೆಯ ಅಸಲು ಅವಳ ಹತ್ತಿರವೇ ಇದೆ, ಅದೇ ಪಂಚಾಂಗದೊಳಗೆ. ಶುಕ್ರವಾರ ಹೊರಡಬೇಕು. ನಾಳೆ ಗಾಂಧಿ ಬಜಾರಿಗೆ ಹೋಗಿ ಹುಳಿಪುಡಿಗೆ ಬ್ಯಾಡಗಿ ಮೆಣಸಿನಕಾಯಿ, ಕುಕ್ಕರಿಗೆ ಎರಡು ಗ್ಯಾಸ್ಕೆಟ್ ತರುವುದು ಬಾಕಿ ಇದೆ.